ವಿಗಿಲ್ಯಾ ಊಟದ ತಯಾರಿ: ಡಿಸೆಂಬರ್ 15ರಿಂದ 24ರವರೆಗೆ

ಊಟ ಪೋಲೆಂಡಿನ ವ್ರೊತ್ಸ್ವಾಫ್‌ನಲ್ಲಿ, ಕ್ರಿಸ್‌ಮಸ್ ಮುನ್ನಾದಿನದ ಸಂಜೆ, ಅದೇ ವಿಗಿಲ್ಯಾ. ಬರುವವರು ಒಂಬತ್ತು ಮಂದಿ ಒಡಹುಟ್ಟಿದವರು, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು. ಎಲ್ಲರೂ 75 ದಾಟಿದವರು. ಎರಡನೇ ಮಹಾಯುದ್ಧ ಮುಗಿದು ಗಡಿ ಪಶ್ಚಿಮಕ್ಕೆ ಸರಿದಾಗ ಈಗ ಉಕ್ರೇನಿನಲ್ಲಿರುವ ಲ್ವಿವ್ ಕಡೆಯಿಂದ ಇಲ್ಲಿಗೆ ಬಂದು ನೆಲೆಸಿದ ಮನೆತನ. ಹಾಗಾಗಿ ಈ ಊಟದ ರೂಢಿಯ ಹನ್ನೆರಡು ಬಗೆಯಲ್ಲಿ ಏನನ್ನು ಬಿಟ್ಟರೂ ಆ ಕಡೆಯ ಕುತ್ಯಾ, ಅಂದರೆ ಗೋಧಿ, ಗಸಗಸೆ, ಜೇನಿನ ಸಿಹಿ, ಬಿಡುವಂತಿಲ್ಲ. ಮಾಂಸ ಇಲ್ಲ, ಮೀನು ಉಂಟು. ಮೀನು, ಒಣಹಣ್ಣಿನ ಪಾನಕ ಮೊದಲಾದವು ಬೇರೆಯವರ ಪಾಲಿಗೆ. ಇಲ್ಲಿರುವುದು ಬೀಟ್‌ರೂಟ್ ಸಾರು (ಬರ್ಷ್ಚ್), ಅದಕ್ಕೆ ಹಾಕುವ ಪುಟ್ಟ ಕಡುಬು (ಉಷ್ಕಾ), ದೊಡ್ಡ ಕಡುಬು (ಪ್ಯೆರೋಗಿ) ಮತ್ತು ಕುತ್ಯಾದ ಲೆಕ್ಕ.

ಡಿ. 15
ಬರ್ಷ್ಚ್ ಸಾರಿಗೆ ಹುಳಿನೀರು ಇಟ್ಟಾಯಿತು. ಸಿಪ್ಪೆ ತೆಗೆದ ಬೀಟ್‌ರೂಟ್ ಒಂದೂವರೆ ಕಿಲೋ, ಅರ್ಧ ಸೆಂ.ಮೀ. ದಪ್ಪದ ಬಿಲ್ಲೆಗಳಾಗಿ. ಕುದಿಸಿ ಆರಿಸಿದ ನೀರು ಒಂದೂವರೆ ಲೀಟರ್, ಉಪ್ಪು 30 ಗ್ರಾಂ, ಜಜ್ಜಿದ ಬೆಳ್ಳುಳ್ಳಿ ಆರು ಎಸಳು, ಪಲಾವ್ ಎಲೆಯ ಜಾಗದಲ್ಲಿ ಅಲ್ಲಿನ ಬೇ ಎಲೆ ಮೂರು, ಆಲ್‌ಸ್ಪೈಸ್ ಕಾಳು ಆರು. ತುರಿದು ಹಾಕಿದರೆ ಬೇಗ ಹುಳಿ ಬರುತ್ತದೆ, ಆದರೆ ನೀರು ಲೋಳೆಯಾಗುತ್ತದೆ. ಬಿಲ್ಲೆ ನೀರಿನಿಂದ ಮೇಲೇಳದಂತೆ ತಟ್ಟೆ ಮುಚ್ಚಿ ಭಾರ ಇಡಬೇಕು. ಬೂಸ್ಟು ಹಿಡಿಯುವುದು ತಲೆ ಎತ್ತಿದ ಹೋಳಿನಿಂದಲೇ.

ಡಿ. 18
ಮೇಲೆ ಗುಲಾಬಿ ನೊರೆ ಕಟ್ಟಿದೆ, ಸೌಟಿನಲ್ಲಿ ತೆಗೆದರೆ ಸಾಕು. ತೆಳ್ಳಗಿನ ಬಿಳಿ ಪೊರೆ ಬಂದರೂ ತೆಗೆದು ಮುಂದುವರಿಯಬಹುದು. ಹಸಿರೋ ಕಪ್ಪೋ ನವಿರು ನವಿರಾಗಿ ಬೆಳೆದಿದ್ದರೆ ಮಾತ್ರ ಇಡೀ ಜಾಡಿ ಚೆಲ್ಲಬೇಕು, ವಯಸ್ಸಾದವರ ಊಟದಲ್ಲಿ ಧೈರ್ಯ ಮಾಡಬಾರದು.

ಡಿ. 20
ಪ್ಯೆರೋಗಿ ಮೊದಲ ಸರದಿ. ನಮ್ಮ ಕರಿಗಡುಬಿನ ಆಕಾರವೇ, ಆದರೆ ಕರಿಯುವುದಲ್ಲ, ನೀರಲ್ಲಿ ಬೇಯಿಸುವುದು. ಮೈದಾ 500 ಗ್ರಾಂ, ಬಿಸಿನೀರು 250 ಮಿ.ಲೀ., ಎಣ್ಣೆ ಎರಡು ಚಮಚ, ಚಿಟಿಕೆ ಉಪ್ಪು. ನೀರು ಕೈ ಸುಡುವಷ್ಟು ಬಿಸಿ ಇರಲೇಬೇಕು. ತಣ್ಣೀರಲ್ಲಿ ಕಲಸಿದ ಕಣಕ ಬೆಂದು ಆರಿದ ಮೇಲೆ ರಬ್ಬರಿನಂತೆ ಜಗಿಯುತ್ತದೆ, ಹಲ್ಲಿನ ಸೆಟ್ ಹಾಕಿಕೊಂಡವರಿಗೆ ಅದೇ ಸಂಕಟ. ಮೊಟ್ಟೆ ಹಾಕಿದರೂ ಗಟ್ಟಿ, ಬಿಟ್ಟಿದ್ದೇವೆ. ಅರ್ಧ ಗಂಟೆ ಬಟ್ಟಲು ಬೋರಲು ಹಾಕಿ ಇಟ್ಟು, 2 ಮಿ.ಮೀ. ದಪ್ಪಕ್ಕೆ ಲಟ್ಟಿಸಿ, 7 ಸೆಂ.ಮೀ. ಬಾಯಿಯ ಲೋಟದಿಂದ ಕತ್ತರಿಸಿದ್ದು.

ಹೂರಣಕ್ಕೆ ಹುಳಿ ಬರಿಸಿದ ಕೋಸು 500 ಗ್ರಾಂ, ಒಣ ಅಣಬೆ 40 ಗ್ರಾಂ, ಎಣ್ಣೆಯಲ್ಲಿ ಹುರಿದ ಈರುಳ್ಳಿ ಎರಡು. ಹಳೆಯ ಕಟ್ಟುನಿಟ್ಟಿನ ಮನೆಗಳಲ್ಲಿ ಅಂದು ಬೆಣ್ಣೆಯೂ ನಿಷಿದ್ಧ. ಕೋಸನ್ನು ತೊಳೆದು, 40 ನಿಮಿಷ ಬೇಯಿಸಿ, ಹಿಂಡಿ, ಎಳೆ ಉಳಿಯದಂತೆ ಸಣ್ಣಗೆ ಕೊಚ್ಚಬೇಕು. ಉದ್ದ ಎಳೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಹದ ನೋಡಲು ಬೇಯಿಸಿದ ಮೊದಲ 12ರಲ್ಲಿ 4 ನೀರಲ್ಲೇ ಬಾಯಿ ಬಿಟ್ಟವು. ಕಾರಣ ಎರಡು: ಹೂರಣದಲ್ಲಿ ತೇವ ಉಳಿದಿತ್ತು, ಅಂಚಿಗೆ ಎಣ್ಣೆ ತಾಗಿತ್ತು. ಎಣ್ಣೆ ತಾಗಿದ ಅಂಚು ಎಷ್ಟು ಒತ್ತಿದರೂ ಕೂಡದು. ಕೋಸನ್ನು ಬಟ್ಟೆಯಲ್ಲಿ ಮತ್ತೊಮ್ಮೆ ಹಿಂಡಿ, ಹೂರಣ ಒಂದು ಟೀ ಚಮಚಕ್ಕೆ ಇಳಿಸಿದ ಮೇಲೆ ಒಂದೂ ಒಡೆಯಲಿಲ್ಲ. ಲೆಕ್ಕಕ್ಕೆ ಸಿಕ್ಕಿದ್ದು 54. ಹಸಿಯಾಗಿಯೇ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಫ್ರೀಜರಿಗೆ, ಗಟ್ಟಿಯಾದ ಮೇಲೆ ಚೀಲಕ್ಕೆ.

ಡಿ. 22
ಹುಳಿನೀರು ಸೋಸಿ ಫ್ರಿಜ್ಜಿಗೆ. ಬಣ್ಣ ಮಾಣಿಕ್ಯದಂತೆ ಬಂದಿದೆ. ರಾತ್ರಿ ಒಣ ಅಣಬೆ 60 ಗ್ರಾಂ, ಇಡೀ ಗೋಧಿ 250 ಗ್ರಾಂ ಬೇರೆ ಬೇರೆ ನೆನೆಹಾಕಿದ್ದು.

ಡಿ. 23
ಅಣಬೆಯನ್ನು ನೆನೆಸಿದ ನೀರಲ್ಲೇ ಅರ್ಧ ಗಂಟೆ ಬೇಯಿಸಿ, ನೀರನ್ನು ಬಟ್ಟೆಯಲ್ಲಿ ಸೋಸಿ ಸಾರಿಗೆ ಎತ್ತಿಟ್ಟಿದ್ದೇವೆ. ತಳದಲ್ಲಿ ಮರಳು ಇರುತ್ತದೆ, ಕೊನೆಯ ಎರಡು ಚಮಚ ಬಿಡಬೇಕು. ಅಣಬೆ ಸಣ್ಣಗೆ ಕೊಚ್ಚಿ ಈರುಳ್ಳಿಯೊಂದಿಗೆ ಹುರಿದರೆ ಉಷ್ಕಾದ ಹೂರಣ. ಉಷ್ಕಾ ಎಂದರೆ ಪುಟ್ಟ ಕಿವಿ, 4 ಸೆಂ.ಮೀ. ಚೌಕದಲ್ಲಿ ಕಡಲೆಕಾಳಿನಷ್ಟು ಹೂರಣ, ತ್ರಿಕೋನಕ್ಕೆ ಮಡಚಿ, ಎರಡು ತುದಿಯನ್ನು ಕಿರುಬೆರಳಿನ ಸುತ್ತ ತಂದು ಸೇರಿಸುವುದು. 90 ಬೇಕು.

60 ಮಾತ್ರ ಮುಗಿಸಿ ಉಳಿದ 30ರ ಕಣಕ, ಹೂರಣ ಮೇಜಿನ ಮೇಲೆ ಒದ್ದೆ ಬಟ್ಟೆಯಡಿ ಇಟ್ಟದ್ದು ಬೇಕೆಂದೇ. ಹಿಂದಿನ ದಿನವೇ ಬಂದಿಳಿದ ಹಿರಿಯರು ಕೂತು ಮಡಚಲಿ. ಈ ಅಡುಗೆಯಲ್ಲಿ ನೆನಪು ಇರುವುದು ಬೆರಳಲ್ಲಿ: ಒಬ್ಬರು ತುದಿ ಮೇಲೆತ್ತಿ ಒತ್ತುತ್ತಾರೆ, ಇನ್ನೊಬ್ಬರು ಅಂಚಿಗೆ ನಿರಿಗೆ ಹಾಕುತ್ತಾರೆ, ತಟ್ಟೆ ನೋಡಿದರೆ ಯಾರ ಕೈಯದು ಎಂದು ಗೊತ್ತಾಗುತ್ತದೆ. ಬೆರಳ ಗೆಣ್ಣು ನೋಯುವವರಿಗೆ ಅಂಚು ಒತ್ತಲು ಫೋರ್ಕ್ ಕೊಡಬೇಕು. ಕಣಕ 20 ನಿಮಿಷಕ್ಕಿಂತ ತೆರೆದಿದ್ದರೆ ಒಣಗಿ ಬಿರಿಯುತ್ತದೆ, ಮಾತು ಜೋರಾದಾಗ ಇದನ್ನು ಗಮನಿಸುತ್ತಿರಬೇಕು.

ಕುತ್ಯಾ: ಗೋಧಿಯನ್ನು ಎರಡು ಗಂಟೆ, ಕಾಳು ಬಾಯಿ ಬಿಡುವ ತನಕ ಬೇಯಿಸಿದ್ದು. ಉತ್ತರ ಕರ್ನಾಟಕದ ಗೋಧಿ ಹುಗ್ಗಿ ತಿಂದವರಿಗೆ ಆ ಹದ ಗೊತ್ತು. ಗಸಗಸೆ 250 ಗ್ರಾಂ ಕುದಿನೀರಲ್ಲಿ ನೆನೆಸಿ ಮೂರು ಸಲ ಅರೆಯಬೇಕು. ಎರಡೇ ಸಲ ಅರೆದರೆ ಕಾಳು ಹಲ್ಲಿನ ಸೆಟ್ಟಿನಡಿ ಸೇರುತ್ತದೆ. ಜೇನು 150 ಗ್ರಾಂ, ಒಣದ್ರಾಕ್ಷಿ, ಪುಡಿಯಂತೆ ಕೊಚ್ಚಿದ ಆಕ್ರೋಟು.

ಡಿ. 24
ರಾತ್ರಿಯಿಡೀ ಗಸಗಸೆ ಹೀರಿಕೊಂಡು ಕುತ್ಯಾ ಗಟ್ಟಿಯಾಗಿತ್ತು. ಜೇನು ಕದಡಿದ ಬಿಸಿನೀರು ಮುಕ್ಕಾಲು ಲೋಟ ಹಿಡಿಯಿತು.

ಸಾರಿಗೆ ತರಕಾರಿ ಮತ್ತು ಅಣಬೆ ನೀರು ಸೇರಿ ಎರಡು ಲೀಟರ್, ಹುಳಿನೀರು ಒಂದು ಲೀಟರ್. ಹುಳಿನೀರು ಬಿದ್ದ ಮೇಲೆ ಕುದಿಸಕೂಡದು, ಕುದಿಸಿದರೆ ಕೆಂಪು ಹೋಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಉಷ್ಕಾ ಬೇರೆ ಪಾತ್ರೆಯಲ್ಲೇ ಬೇಯಬೇಕು, ಇಲ್ಲವಾದರೆ ಹಿಟ್ಟು ಬಿಟ್ಟು ಸಾರು ಮಬ್ಬಾಗುತ್ತದೆ. ಪ್ಯೆರೋಗಿಯನ್ನು ಕರಗಿಸದೆ ನೇರ ಕುದಿನೀರಿಗೆ, ಒಮ್ಮೆಗೆ 12; ತೇಲಿದ ಮೇಲೆ ನಾಲ್ಕು ನಿಮಿಷ.

ತಟ್ಟೆ ಒಂಬತ್ತಲ್ಲ, ಹತ್ತು. ಅನಿರೀಕ್ಷಿತವಾಗಿ ಬರುವವರಿಗೆಂದು ಒಂದು ಖಾಲಿ ತಟ್ಟೆ ಇಡುವುದು ಅಲ್ಲಿನ ರೂಢಿ. ಅಗಲಿದವರ ನೆನಪೂ ಅದಕ್ಕೆ ಸೇರಿದೆ. ಮೊದಲ ನಕ್ಷತ್ರ ಕಂಡ ಮೇಲೆ ಒಪ್ವಾತೆಕ್ ಹಾಳೆರೊಟ್ಟಿ ಮುರಿದು ಹಂಚಿಕೊಂಡು, ಆಮೇಲೆ ಸಾರು. ಹಾಳೆರೊಟ್ಟಿ ಹಂಚುವಾಗ ಒಬ್ಬೊಬ್ಬರಿಗೂ ಹಾರೈಸುತ್ತಾರೆ, ಒಂಬತ್ತು ಮಂದಿಗೆ ಹೊತ್ತು ಹಿಡಿಯುತ್ತದೆ. ಅದು ಮುಗಿಯುವ ತನಕ ಉಷ್ಕಾ ನೀರಿಗೆ ಹಾಕಬಾರದು.

ಉಳಿದದ್ದು ಪ್ಯೆರೋಗಿ 11, ನಾಳೆ ಬಾಣಲೆಯಲ್ಲಿ ಹೊಂಬಣ್ಣಕ್ಕೆ ಹುರಿಯಲು. ಉಷ್ಕಾ ಒಂದೂ ಇಲ್ಲ.