ಕ್ರಾಸ್ ಕಟ್ ಗೌನು: ಐದನೇ ವಾರ

ಐದು ವಾರದಿಂದ ನಾನೇ ಹೊಲಿಯುತ್ತಿರುವ, 1930ರ ಕಾಲದ ಶೈಲಿಯ ಗೌನು ಮೂರು ದಿನದಿಂದ ಕೋಣೆಯ ಬಾಗಿಲಿಗೆ ನೇತಾಡುತ್ತಿದೆ. ರಾತ್ರಿ ನೀರು ಕುಡಿಯಲು ಎದ್ದ ಇಬ್ಬರು ಆಗಲೇ ಬೆಚ್ಚಿಬಿದ್ದಿದ್ದಾರೆ.

ಎರಡು ಮಹಾಯುದ್ಧಗಳ ನಡುವಿನ ಫ್ಯಾಷನ್ ಅಂದರೆ ಎಲ್ಲರಿಗೂ ಮಣಿ ಕಟ್ಟಿದ ಗಿಡ್ಡ ಫ್ರಾಕೇ ನೆನಪಾಗುತ್ತದೆ, ಅಲ್ವಾ? ಮೊಣಕಾಲಿನವರೆಗೆ ಏರಿದ ಆ ಅಂಚು ಉಳಿದದ್ದು 1926ರ ಸುಮಾರಿನಿಂದ ಎರಡು ಮೂರು ವರ್ಷ ಅಷ್ಟೇ. 1930ರ ಹೊತ್ತಿಗೆ ಸಂಜೆಯ ಉಡುಪು ಮತ್ತೆ ಪಾದ ಮುಟ್ಟಿತು. ಕೆಳಗೆ ಇಳಿದಿದ್ದ ಉಡುಪಿನ ಸೊಂಟವೂ ತನ್ನ ಜಾಗಕ್ಕೆ ವಾಪಸ್ ಬಂತು. ನನಗೆ ಇಷ್ಟ ಇದೇ, ಮೈಮೇಲೆ ನೀರಿನ ಹಾಗೆ ಇಳಿಯುವ ಉದ್ದ ಗೌನು.

ಇದರ ಗುರು ಪ್ಯಾರಿಸ್ಸಿನ ಮ್ಯಾಡಲೀನ್ ವಿಯೊನ್ನೆ. 1912ರಲ್ಲಿ ಸ್ವಂತ ಫ್ಯಾಷನ್ ಹೌಸ್ ತೆರೆದರು. ಮೊದಲ ಯುದ್ಧಕ್ಕೆ ಬಾಗಿಲು ಹಾಕಿದರು, ಮತ್ತೆ ತೆರೆದರು, 1939ರಲ್ಲಿ ಕೊನೆಯದಾಗಿ ಮುಚ್ಚಿದರು. ಬೇರೆಯವರು ನಕಲು ಮಾಡಬಾರದೆಂದು ಲೇಬಲ್ಲಿನ ಮೇಲೆ ತಮ್ಮ ಹೆಬ್ಬೆಟ್ಟು ಒತ್ತುತ್ತಿದ್ದರಂತೆ!

ಅವರ ಗುಟ್ಟು ನಮ್ಮ ಟೈಲರ್‌ಗಳಿಗೂ ಗೊತ್ತು. ಕ್ರಾಸ್ ಕಟ್ ಬ್ಲೌಸಿನ ಮುಂಭಾಗ, ಕುತ್ತಿಗೆಗೆ ಹಾಕುವ ಕ್ರಾಸ್ ಪಟ್ಟಿ, ಎಲ್ಲ ಅದೇ. ಹಾಸು ಹೊಕ್ಕುಗಳಿಗೆ, ಅಂದರೆ ಬಟ್ಟೆಯ ಉದ್ದ ಅಡ್ಡ ಎಳೆಗಳಿಗೆ, 45 ಡಿಗ್ರಿ ಓರೆಯಾಗಿ ಕತ್ತರಿಸಿದರೆ ಬಟ್ಟೆ ಹಿಗ್ಗುತ್ತದೆ, ಮೈಗೆ ಕೂರುತ್ತದೆ. ವಿಯೊನ್ನೆ ಇಡೀ ಗೌನನ್ನೇ ಹಾಗೆ ಕತ್ತರಿಸಿದರು. ಕೆಲವಕ್ಕಂತೂ ಹುಕ್ಕೂ ಇಲ್ಲ, ತಲೆಯ ಮೇಲಿಂದ ಇಳಿಸಿಕೊಂಡರೆ ಆಯಿತು.

ಅವರು ಪುಟ್ಟ ಮರದ ಗೊಂಬೆಯ ಮೇಲೆ ಬಟ್ಟೆ ಹೊದಿಸಿ ನೋಡುತ್ತಿದ್ದರು. ಹಾಗಾಗಿ ಮೊದಲ ವಾರ ನಾನೂ ಮಗಳ ಗೊಂಬೆಯನ್ನು ಸಾಲ ತಗೊಂಡೆ. ಹಳೆಯ ಪಂಚೆಯ ತುಂಡಿನಲ್ಲಿ ಮಾಡಿದ ಗೊಂಬೆ ಗೌನು ಸೊಗಸಾಗಿ ಬಂತು. ಸುಲಭ ಅಂದುಕೊಂಡೆ.

ಎರಡನೇ ವಾರ ಲೆಕ್ಕ ಕೈಕೊಟ್ಟಿತು. ನಾನು ತಂದ ಕ್ರೇಪ್ ಬಟ್ಟೆಯ ಪನ್ನ, ಅಂದರೆ ಅಗಲ, 44 ಇಂಚು. ಓರೆಯಾಗಿ ಇಟ್ಟರೆ ತುಂಡಿನ ಉದ್ದ ಮತ್ತು ಅಗಲ ಎರಡೂ ಸೇರಿ 62 ಇಂಚು ದಾಟುವಂತಿಲ್ಲ. 22 ಇಂಚು ಅಗಲ ಬೇಕೆಂದರೆ ಉದ್ದಕ್ಕೆ ಉಳಿಯುವುದು 40. ಅದು ಮೊಣಕಾಲಿಗೇ ಮುಗಿಯಿತು! ವಿಯೊನ್ನೆ ತಮಗೆ ಬೇಕಾದ ಹಾಗೆ ಜಾಸ್ತಿ ಪನ್ನದ ಬಟ್ಟೆ ನೇಯಿಸಿಕೊಂಡದ್ದು ಯಾಕೆಂದು ಆಗ ಅರ್ಥವಾಯಿತು. ನನಗೆಲ್ಲಿಯ ಮಗ್ಗ? ತೊಡೆಯ ಹತ್ತಿರ ಓರೆಯಾಗಿ ಇನ್ನೊಂದು ತುಂಡು ಜೋಡಿಸಿದೆ. ನಮ್ಮ ಬೀದಿಯ ಟೈಲರ್ ನೋಡಿ, “ಮೇಡಂ, ಇಷ್ಟು ಬಟ್ಟೆ ವೇಸ್ಟ್ ಮಾಡಿದ್ರೆ ಎರಡು ಚೂಡಿದಾರ್ ಆಗ್ತಿತ್ತು” ಅಂದರು. ನಿಜವೇ.

ನಾಲ್ಕನೇ ವಾರ ಹಾಕಿ ನೋಡಿದೆ. ಕೂತ ಕೂಡಲೇ ಪಕ್ಕದ ಹೊಲಿಗೆ ಟಪ್ ಅಂತ ಕಿತ್ತಿತು. ತಪ್ಪು ನನ್ನದೇ. ಬಟ್ಟೆ ಹಿಗ್ಗಿದರೂ ನೇರ, ಬಿಗಿ ಹೊಲಿಗೆಯ ದಾರ ಹಿಗ್ಗುವುದಿಲ್ಲವಲ್ಲ. ಇನ್ನೊಂದು ವಿಷಯ: ಓರೆ ಬಟ್ಟೆ ಕೆಳಕ್ಕೆ ಜಗ್ಗಿದಷ್ಟೂ ಅಡ್ಡಕ್ಕೆ ಕಿರಿದಾಗುತ್ತದೆ. ಗೊಂಬೆಗೆ ಆ ಭಾರ ಬಿದ್ದಿರಲಿಲ್ಲ, ನನ್ನ ಸೊಂಟದ ಹತ್ತಿರ ಚೆನ್ನಾಗಿ ತಿಳಿಯಿತು. ಎರಡೂ ಪಕ್ಕ ಬಿಚ್ಚಿದೆ. ಪುಣ್ಯಕ್ಕೆ ಒಂದೊಂದು ಇಂಚು ಒಳಗೆ ಬಿಟ್ಟಿದ್ದೆ, ಅರ್ಧರ್ಧ ಹೊರಗೆ ತೆಗೆದೆ. ಈ ಸಲ ಬಟ್ಟೆಯನ್ನು ತುಸು ಎಳೆದು ಹಿಡಿದು, ತೀರಾ ಸಣ್ಣ ಜಿಗ್‌ಜಾಗ್ ಹಾಕಿದೆ. ಆ ಕಾಲದ ಕ್ರಮ ಅದಲ್ಲ, ಗೊತ್ತು. ಕಿತ್ತುಹೋಗುವುದಕ್ಕಿಂತ ವಾಸಿ.

ಈಗ ಬಾಗಿಲಿನ ಕಥೆ. ಓರೆ ಬಟ್ಟೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ, ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ. ಅದಕ್ಕೇ ನೇತುಹಾಕದೆ ಅಂಚು ಮಡಚಬಾರದು. ನಿನ್ನೆ ಅಳೆದಾಗ ಎಡಗಡೆ ಒಂದೂವರೆ ಇಂಚು ಇಳಿದಿತ್ತು, ಬಲಗಡೆ ಮುಕ್ಕಾಲು. ಇವತ್ತು ಬೆಳಿಗ್ಗೆಯೂ ಅಷ್ಟೇ ಇದೆ. ನಾಳೆಯೂ ಅಷ್ಟೇ ಇದ್ದರೆ ಸ್ಟೂಲ್ ಮೇಲೆ ನಿಂತು ಸುತ್ತಲೂ ಸೀಮೆಸುಣ್ಣದ ಗುರುತು ಹಾಕಿಸಿಕೊಳ್ಳಬೇಕು. ಸ್ಕೇಲು ಹಿಡಿಯಲು ಮಗಳು ಒಪ್ಪಿದ್ದಾಳೆ. ಗೊಂಬೆಯ ಗೌನು ತನಗೇ ಕೊಡಬೇಕಂತೆ.