ಎಷ್ಟು ದೇಶ ನೋಡಿದ್ದೀರಿ?

ಹಡಗಿನಲ್ಲಿ ಎಂಜಿನಿಯರ್ ಆಗಿ ದುಡಿದು ಮಡಿಕೇರಿಗೆ ವಾಪಸ್ ಬಂದವನಿಗೆ ಮದುವೆ ಮನೆ, ಸಂತೆ, ಬ್ಯಾಂಕು, ಎಲ್ಲಿ ಹೋದರೂ ಒಂದೇ ಪ್ರಶ್ನೆ: "ಒಟ್ಟು ಎಷ್ಟು ದೇಶ ನೋಡಿದ್ದೀರಿ?" ಕೇಳುವವರಿಗೆ ಬೇಕಾದದ್ದು ಒಂದು ಸಂಖ್ಯೆ, ಅಷ್ಟೇ. "ಯಾವ ಲೆಕ್ಕದಲ್ಲಿ?" ಅಂತ ನಾನು ತಿರುಗಿ ಕೇಳಿದರೆ ಜಂಬ ಅಂದುಕೊಳ್ಳುತ್ತಾರೆ. ಹಡಗು ಮುಟ್ಟಿದ ದೇಶಗಳ ಲೆಕ್ಕ ಬೇರೆ, ನಾನು ನೋಡಿದ ದೇಶಗಳ ಲೆಕ್ಕ ಬೇರೆ. ಎರಡನೆಯದು ಮೊದಲನೆಯದರ ಅರ್ಧವೂ ಇಲ್ಲ.

ಇರಾಕನ್ನೇ ತೆಗೆದುಕೊಳ್ಳಿ. ಟ್ಯಾಂಕರುಗಳು ಕಚ್ಚಾ ತೈಲ ತುಂಬಿಕೊಳ್ಳುವ ಬಸ್ರಾ ಟರ್ಮಿನಲ್ ಇರುವುದು ನೆಲದ ಮೇಲಲ್ಲ, ದಡದಿಂದ ದೂರ, ಸಮುದ್ರದಲ್ಲಿ. ದೊಡ್ಡ ಟ್ಯಾಂಕರ್ ಎರಡು ಲಕ್ಷ ಟನ್‌ಗೂ ಜಾಸ್ತಿ ಎಣ್ಣೆ ತುಂಬಿಕೊಂಡು ಹೊರಡುತ್ತದೆ. ಒಳಗಿದ್ದವರ ಕಣ್ಣಿಗೆ ಇರಾಕಿನ ಒಂದು ಮರವೂ ಬಿದ್ದಿರುವುದಿಲ್ಲ. ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ಅಂದರೆ ಜನ ಕಣ್ಣರಳಿಸುತ್ತಾರೆ. ಕಂಟೇನರ್ ಹಡಗು ನಿಲ್ಲುವ ಮಾಸ್‌ವ್ಲಾಕ್ಟೆ ಇರುವುದು ಊರಿನಿಂದ ಸುಮಾರು 40 ಕಿ.ಮೀ. ಆಚೆ, ಸಮುದ್ರ ತುಂಬಿಸಿ ಮಾಡಿದ ಜಾಗ. ಕ್ರೇನುಗಳು ಬೇಗ ಕೆಲಸ ಮುಗಿಸಿಬಿಡುತ್ತವೆ. ಎಂಜಿನ್ ನಿಂತಿರುವ ಆ ಹೊತ್ತಿನಲ್ಲೇ ನಮಗೆ ರಿಪೇರಿ ಕೆಲಸ. ಶೋರ್ ಲೀವ್, ಅಂದರೆ ದಡಕ್ಕಿಳಿಯುವ ಬಿಡುವು, ಕಾಗದದ ಮೇಲಷ್ಟೇ ಇರುತ್ತದೆ.

ಸೂಯೆಜ್ ಕಾಲುವೆ ಇನ್ನೂ ವಿಚಿತ್ರ. ಎಡಕ್ಕೂ ಈಜಿಪ್ಟ್, ಬಲಕ್ಕೂ ಈಜಿಪ್ಟ್. ದಡದಲ್ಲಿ ಬೈಕಿನಲ್ಲಿ ಹೋಗುವವರು ಕಾಣುತ್ತಾರೆ. ಹಗ್ಗ ಕಟ್ಟುವ ದೋಣಿಯವರು ಹಡಗು ಹತ್ತಿ, ಡೆಕ್ ಮೇಲೆ ಪಿರಮಿಡ್ಡಿನ ಗೊಂಬೆಗಳನ್ನೂ ಮಾರುತ್ತಾರೆ. ಆದರೂ ಕಾಲು ನೆಲಕ್ಕೆ ತಾಗುವುದಿಲ್ಲ. 1967ರ ಜೂನ್‌ನಲ್ಲಿ ಇಸ್ರೇಲ್ ಮತ್ತು ಅರಬ್ ದೇಶಗಳ ಯುದ್ಧ ಶುರುವಾದಾಗ 14 ಹಡಗುಗಳು ಆ ಕಾಲುವೆಯ ಗ್ರೇಟ್ ಬಿಟರ್ ಲೇಕ್‌ನಲ್ಲಿ ಸಿಕ್ಕಿಬಿದ್ದವು. ಕಾಲುವೆ ಮತ್ತೆ ತೆರೆದದ್ದು 1975ರಲ್ಲಿ. ಮರಳು ಕೂತು ಕೂತು ಹಡಗುಗಳು ಹಳದಿಯಾದವು, ಯೆಲ್ಲೋ ಫ್ಲೀಟ್ ಅಂತಲೇ ಹೆಸರು ಬಿತ್ತು. ಸಿಬ್ಬಂದಿ ಸರದಿ ಮೇಲೆ ಬದಲಾಗುತ್ತಿದ್ದರು. ಬ್ರಿಟಿಷರು, ಜರ್ಮನ್ನರು, ಪೋಲೆಂಡಿನವರು, ಸ್ವೀಡನ್ನಿನವರು ಸೇರಿ ತಮ್ಮದೇ ಅಂಚೆ ಚೀಟಿ ಮಾಡಿಕೊಂಡರು, 1968ರಲ್ಲಿ ತಮ್ಮದೇ ಒಲಿಂಪಿಕ್ಸ್ ಆಡಿದರು. ಇವರು ಈಜಿಪ್ಟ್ ನೋಡಿದರಾ? ಪಕ್ಕದ ಹಡಗಿನವರನ್ನು ಚೆನ್ನಾಗಿ ನೋಡಿದರು ಅಂತ ಧೈರ್ಯವಾಗಿ ಹೇಳಬಹುದು. ಹಾಗಾಗಿ "ಕನಿಷ್ಠ ಇಷ್ಟು ದಿನ ಇರಬೇಕು" ಅನ್ನುವ ನಿಯಮ ನನಗೆ ಒಪ್ಪಿಗೆಯಿಲ್ಲ.

"ಪಾಸ್‌ಪೋರ್ಟಲ್ಲಿ ಸ್ಟಾಂಪ್ ಇದ್ದರೆ ಆಯ್ತಲ್ಲ" ಅನ್ನುವವರೂ ಇದ್ದಾರೆ. ಹಾಗಾದರೆ ನಮ್ಮವರು ಯಾರೂ ನೇಪಾಳ ನೋಡಿಯೇ ಇಲ್ಲ ಅನ್ನಬೇಕು. ಭಾರತದವರು ಅಲ್ಲಿಗೆ ವೋಟರ್ ಐಡಿ ತೋರಿಸಿಯೂ ಹೋಗಬಹುದು, ವೀಸಾ ಬೇಕಿಲ್ಲ. ಪಶ್ಚಿಮ ಬಂಗಾಳದ ಸಂದಕ್‌ಫು ಚಾರಣದ ದಾರಿಯಂತೂ ಗಡಿಯ ಆಚೀಚೆ ಓಡಾಡುತ್ತದೆ. ದಾರಿಯಲ್ಲಿ ಸಿಗುವ ತುಮ್‌ಲಿಂಗ್ ಎಂಬ ಊರು ನೇಪಾಳದ್ದು. ಭಾರತ ಹತ್ತಲು ಹೋದವರು ನೇಪಾಳದಲ್ಲಿ ಮಲಗಿ ಎದ್ದಿರುತ್ತಾರೆ!

ಅಮೆರಿಕದಲ್ಲಿ ಟ್ರಾವೆಲರ್ಸ್ ಸೆಂಚುರಿ ಕ್ಲಬ್ ಅಂತ ಒಂದಿದೆ, 1954ರದ್ದು. ನೂರು ದೇಶ ನೋಡಿದವರಿಗೆ ಸದಸ್ಯತ್ವ. ವಿಮಾನ ಇಂಧನ ತುಂಬಿಸಿಕೊಳ್ಳಲು ಇಳಿದರೂ ಅವರಲ್ಲಿ ಲೆಕ್ಕಕ್ಕೆ ಬರುತ್ತದೆ. ವಿಶ್ವಸಂಸ್ಥೆಯ ಸದಸ್ಯ ದೇಶಗಳು 193, ಇವರ ಪಟ್ಟಿಯಲ್ಲಿ 320ಕ್ಕೂ ಜಾಸ್ತಿ. ಹವಾಯಿ ಬೇರೆ, ಅಲಾಸ್ಕಾ ಬೇರೆ. ನಮ್ಮ ಅಂಡಮಾನ್, ಲಕ್ಷದ್ವೀಪ, ಸಿಕ್ಕಿಂ ಕೂಡ ಬೇರೆ ಬೇರೆ. ಎಲ್‌ಟಿಸಿಯಲ್ಲಿ (ಸರ್ಕಾರಿ ಪ್ರವಾಸ ಭತ್ಯೆಯಲ್ಲಿ) ಸಿಕ್ಕಿಮ್ಮಿನ ಗ್ಯಾಂಗ್ಟಾಕ್‌ಗೆ ಹೋಗಿಬಂದ ಮೇಷ್ಟ್ರು ತಮಗೇ ಗೊತ್ತಿಲ್ಲದೆ ಎರಡು 'ದೇಶ' ಮುಗಿಸಿದ್ದಾರೆ. 1834ರವರೆಗೆ ರಾಜರಿದ್ದ, 1956ರವರೆಗೆ ಬೇರೆ ರಾಜ್ಯವೇ ಆಗಿದ್ದ ಕೊಡಗಿಗೆ ಮಾತ್ರ ಆ ಪಟ್ಟಿಯಲ್ಲಿ ಜಾಗ ಇಲ್ಲ. ಇದು ಅನ್ಯಾಯ ಅಲ್ವಾ?

ನನ್ನ ನಿಯಮ ಇಷ್ಟು. ಬಂದರಿನ ಗೇಟು ದಾಟಿರಬೇಕು, ಅಲ್ಲಿನವರ ಕೈಯಲ್ಲಿ ನನ್ನದೊಂದು ಚಿಲ್ಲರೆ ಕೆಲಸ ಆಗಿರಬೇಕು. ಕೂದಲು ಕತ್ತರಿಸಿಕೊಳ್ಳುವುದು, ಹಲ್ಲುನೋವಿಗೆ ಮಾತ್ರೆ ಕೇಳುವುದು, ಚಪ್ಪಲಿ ಹೊಲಿಸುವುದು, ಇಂಥದ್ದು. ಪ್ರವಾಸಿ ಜಾಗದಲ್ಲಿ ಎಲ್ಲವೂ ನಮಗೆ ತೋರಿಸಲೆಂದೇ ಇರುತ್ತದೆ. ಕ್ಷೌರದಂಗಡಿ ಯಾರಿಗೂ ತೋರಿಸಲು ಇಟ್ಟಿದ್ದಲ್ಲ. ಅಲ್ಲಿ ನಮ್ಮ ಸರದಿ ಬರುವ ತನಕ ಸುಮ್ನೆ ಕೂತಿರಬೇಕು.

ಬ್ರೆಜಿಲ್ ನನ್ನ ಪಟ್ಟಿಗೆ ಸೇರಿದ್ದು ಹಾಗೆ. ಸಾಂತೋಸ್ ಬಂದರು ಊರಿಗೆ ಅಂಟಿಕೊಂಡೇ ಇದೆ. ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಹಡಗು ಹತ್ತುವುದು ಅಲ್ಲೇ. ಕಾಫಿ ಎಕ್ಸ್‌ಚೇಂಜಿಗೆಂದು 1922ರಲ್ಲಿ ಉದ್ಘಾಟನೆಯಾದ ಕಟ್ಟಡ ಈಗ ಕಾಫಿ ಮ್ಯೂಸಿಯಂ. ಅದನ್ನೂ ನೋಡಿದೆ, ಚೆನ್ನಾಗಿದೆ. ನೆನಪಿರುವುದು ಮಾತ್ರ ಅದರ ಹಿಂದಿನ ಬೀದಿಯ ಕ್ಷೌರದಂಗಡಿ. ಅವರಿಗೆ ಇಂಗ್ಲಿಷ್ ಬಾರದು, ನನಗೆ ಪೋರ್ಚುಗೀಸ್ ಬಾರದು. ಮೊಬೈಲಿನಲ್ಲಿ ನಮ್ಮ ತೋಟದ ಫೋಟೋ ತೋರಿಸಿದೆ. ಅಂಗಡಿಯಲ್ಲಿದ್ದವರೆಲ್ಲ ಎದ್ದು ಬಂದರು. ಕಾಫಿ ಗಿಡಕ್ಕೆ ಮರದ ನೆರಳು ಯಾಕೆ, ಕಂಬಕ್ಕೆ ಹಬ್ಬಿದಂತೆ ಮರಕ್ಕೆ ಹಬ್ಬಿರುವ ಬಳ್ಳಿ ಯಾವುದು ಅಂತ ಕೈಸನ್ನೆಯಲ್ಲೇ ವಿಚಾರಣೆ. ಮೆಣಸು ಅಂತ ತಿಳಿಸಲು ನಾನು ಸೀನಿ ತೋರಿಸಬೇಕಾಯಿತು. ಆಮೇಲೆ ರೇಟಿನ ಮಾತು. ಅವರದ್ದು 60 ಕೆ.ಜಿ. ಚೀಲ, ನಮ್ಮದು 50. ಅರ್ಧ ಕತ್ತರಿಸಿದ ತಲೆಯಲ್ಲಿ ಕ್ಯಾಲ್ಕುಲೇಟರ್ ಹಿಡಿದು ರೂಪಾಯಿ, ಡಾಲರು, ಅವರ ರಿಯಲ್ಲು ಅಂತ ಗುಣಿಸಿದ್ದೇ ಗುಣಿಸಿದ್ದು. ಬ್ರೆಜಿಲ್‌ನಲ್ಲಿ ಹಿಮ ಬಿದ್ದರೆ ನಮ್ಮಲ್ಲಿ ರೇಟು ಏರುತ್ತದೆ ಅಂತ ಚಿಕ್ಕಂದಿನಿಂದ ಕೇಳಿದ್ದೆ. ಆ ಹಿಮಕ್ಕೆ ಬೆಳೆ ಕಳೆದುಕೊಳ್ಳುವವರ ಕಡೆಯವರು ಹೇಗಿರುತ್ತಾರೆ ಅಂತ ಗೊತ್ತಾಗಿದ್ದು ಅಲ್ಲಿ.

ಈ ನಿಯಮ ನಮ್ಮೂರಿಗೆ ಬರುವವರಿಗೂ ಸಲ್ಲುತ್ತದೆ. ಶನಿವಾರ ರಾಜಾಸೀಟು, ಅಬ್ಬಿ, ಭಾನುವಾರ ದುಬಾರೆ, ಬೈಲುಕುಪ್ಪೆ, ಸಂಜೆಗೆ "ಕೂರ್ಗ್ ಕವರ್ ಆಯ್ತು". ಬೈಲುಕುಪ್ಪೆ ಮೈಸೂರು ಜಿಲ್ಲೆ ಅನ್ನುವುದು ಹಾಗಿರಲಿ. ಸುಂಟಿಕೊಪ್ಪದಲ್ಲಿ ಟೈರ್ ಪಂಚರ್ ಆಗಿ, ಮಳೆಯಲ್ಲಿ ಒಂದು ಗಂಟೆ ಅಂಗಡಿ ಬೆಂಚಿನ ಮೇಲೆ ಕೂತವರನ್ನು ನಾನು ಕೊಡಗು ನೋಡಿದವರ ಪಟ್ಟಿಗೆ ಸಂತೋಷವಾಗಿ ಸೇರಿಸುತ್ತೇನೆ.

ಸಿಂಗಾಪುರದ ವಿಷಯಕ್ಕೆ ಮನೆಯಲ್ಲಿ ತಕರಾರಿದೆ. ಅಲ್ಲಿ ಲಂಗರು ಹಾಕಿ ಇಂಧನ ತುಂಬಿಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಡ್ಯೂಟಿ ಮುಗಿದಾಗ ಲಾಂಚಿನಲ್ಲಿ ಇಳಿದು, ಏಜೆಂಟರ ವ್ಯಾನ್ ಹತ್ತಿ, ನೇರ ಏರ್‌ಪೋರ್ಟ್. ಪಾಸ್‌ಪೋರ್ಟಲ್ಲಿ ಸ್ಟಾಂಪುಗಳಿವೆ. ನನ್ನ ಹೆಂಡತಿ ತಂಗಿಯ ಜೊತೆ ಒಮ್ಮೆ ಟೂರಿಗೆ ಹೋದವಳು, ಲಿಟಲ್ ಇಂಡಿಯಾದಲ್ಲಿ ಕನ್ನಡಕದ ಕಡ್ಡಿ ಮುರಿದುಕೊಂಡು, ಅಂಗಡಿ ಹುಡುಕಿ, ಚೌಕಾಸಿ ಮಾಡಿ ಸರಿ ಮಾಡಿಸಿಕೊಂಡು ಬಂದಳು. "ನಿಮ್ಮ ನಿಯಮದ ಪ್ರಕಾರ ಸಿಂಗಾಪುರ ನನ್ನದು, ನಿಮ್ಮದಲ್ಲ" ಅನ್ನುತ್ತಾಳೆ. ಯಾರಾದರೂ ಸಿಂಗಾಪುರ ಹೇಗಿದೆ ಅಂತ ಕೇಳಿದರೆ ನಾನು ಅವಳನ್ನೇ ಕರೆಯುತ್ತೇನೆ.