ಬೆಸ್ಟ್ ವೆಬ್‌ಸೈಟ್ ಯಾವುದು ಮೇಡಂ?

ಕಾನೂನು ನೆರವು ಘಟಕಕ್ಕೆ ಸ್ವಯಂಸೇವಕರಾಗಿ ಬರುವ ಲಾ ವಿದ್ಯಾರ್ಥಿಗಳೆಲ್ಲ ನನ್ನನ್ನು ಕೇಳುವುದು ಇದೊಂದೇ ಪ್ರಶ್ನೆ. "ಮೇಡಂ, ಲೀಗಲ್ ರಿಸರ್ಚ್‌ಗೆ ಬೆಸ್ಟ್ ವೆಬ್‌ಸೈಟ್ ಯಾವುದು?" ಹೇಳಿ ಹೇಳಿ ಸಾಕಾಗಿದೆ. ಬರೆದಿಡುತ್ತೇನೆ, ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಕೇಂದ್ರದ ಕಾಯ್ದೆಗೆ ಇಂಡಿಯಾ ಕೋಡ್. ಕರ್ನಾಟಕದ ಕಾಯ್ದೆಗೆ ರಾಜ್ಯದ ಸಂಸದೀಯ ವ್ಯವಹಾರಗಳ ಇಲಾಖೆಯ ತಾಣ, ಅಲ್ಲಿ ಕನ್ನಡದಲ್ಲೂ ಸಿಗುತ್ತವೆ. ತೀರ್ಪುಗಳಿಗೆ ಇಂಡಿಯನ್ ಕಾನೂನ್. ಸುಪ್ರೀಂ ಕೋರ್ಟಿನ ಅಧಿಕೃತ ವರದಿಗಳಿಗೆ ಇ-ಎಸ್‌ಸಿಆರ್, 2023ರಿಂದ ಅದೂ ಪುಕ್ಕಟೆ. ಕೇಸು ಯಾವ ಹಂತದಲ್ಲಿದೆ ನೋಡೋಕೆ ಇ-ಕೋರ್ಟ್ಸ್. ಆಯ್ತಲ್ಲ? ಪ್ರಶ್ನೆ ಮುಗೀತು.

ಮುಗಿಯಲ್ಲ, ಗೊತ್ತು. ಮಾರನೇ ದಿನ ಅದೇ ಹುಡುಗ ಬಂದು "ಒಂದು ಸ್ಟ್ರಾಂಗ್ ಸೈಟೇಶನ್ ಇದ್ದರೆ ಕೊಡಿ ಮೇಡಂ" ಅನ್ನುತ್ತಾನೆ. ಯಾವುದಕ್ಕೆ ಅಂದರೆ "ಲ್ಯಾಂಡ್ ಮ್ಯಾಟರ್" ಅಂತೆ. ಸೈಟೇಶನ್ ಅಂದರೆ ವಾದಕ್ಕೆ ಆಧಾರವಾಗಿ ತೋರಿಸುವ ಹಳೇ ತೀರ್ಪು, ಇವರು ಅದನ್ನು ಕಟ್ಟಿಕೊಂಡ ಕೂಡಲೇ ದೆವ್ವ ಬಿಡಿಸುವ ತಾಯಿತ ಅಂದುಕೊಂಡಿದ್ದಾರೆ. ಲ್ಯಾಂಡ್ ಮ್ಯಾಟರ್‌ಗೆಲ್ಲ ಒಂದೇ ಸೈಟೇಶನ್ ಇದ್ದಿದ್ದರೆ ತಾಲೂಕು ಕೋರ್ಟಿನ ಮುಂದೆ ಅಷ್ಟು ಜನ ಯಾಕೆ ನಿಂತಿರುತ್ತಿದ್ದರು?

ಕೋಲಾರದ ಕಡೆ ಒಂದು ಶಿಬಿರ ಇತ್ತು. ಶಾಲೆಯ ಜಗಲಿ ಮೇಲೆ ಟೇಬಲ್ ಹಾಕಿಕೊಂಡು ನಮ್ಮ ಹುಡುಗರು ಕೂತಿದ್ದರು. ಪರಿಶಿಷ್ಟ ಜಾತಿಯ ಅಜ್ಜ ಒಬ್ಬರು ಬಂದರು. ಸರ್ಕಾರ ಅವರ ಅಪ್ಪನಿಗೆ ಕೊಟ್ಟ ಜಮೀನನ್ನು ಅಪ್ಪ ಯಾವ ಕಾಲದಲ್ಲೋ ಮಾರಿಬಿಟ್ಟಿದ್ದರು. ಅದು ವಾಪಸ್ ಸಿಗುತ್ತಾ ಅನ್ನುವುದು ಅಜ್ಜನ ಪ್ರಶ್ನೆ. ಇಂಥ ಜಮೀನಿಗೆ ಅಂತಲೇ 1978ರ ಪಿಟಿಸಿಎಲ್ ಕಾಯ್ದೆ ಇದೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನು ಕೈತಪ್ಪದಂತೆ ತಡೆಯುವ ಕಾಯ್ದೆ. ನಮ್ಮ ಹುಡುಗ ಫೋನ್ ತೆಗೆದ, ಟಪಟಪ ಅಂತ ಹುಡುಕಿದ, ಅಲ್ಲಿಂದಲೇ ನನಗೆ ಮೆಸೇಜ್ ಹಾಕಿದ: "ಕೇಸ್ ನಿಲ್ಲಲ್ಲ ಮೇಡಂ, ನೆಕ್ಕಂಟಿ ಜಡ್ಜ್‌ಮೆಂಟ್ ಇದೆ, ತುಂಬಾ ಲೇಟಾಗಿದೆ." ಅಜ್ಜನಿಗೂ ಹೇಳಿಬಿಟ್ಟಿದ್ದ. ನಾನು ಹೋಗುವಷ್ಟರಲ್ಲಿ ಅವರು ಕಾಗದಪತ್ರ ತಂದಿದ್ದ ಪ್ಲಾಸ್ಟಿಕ್ ಕವರ್ ಮಡಚಿಕೊಂಡು ಎದ್ದಾಗಿತ್ತು.

ಹುಡುಗ ಹೇಳಿದ ತೀರ್ಪು ಸುಳ್ಳಲ್ಲ. ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್, ಜಮೀನು ವಾಪಸ್ ಕೇಳುವ ಅರ್ಜಿಯನ್ನು ಸಮಂಜಸ ಸಮಯದೊಳಗೆ ಹಾಕಬೇಕು ಎಂದು ಹೇಳಿತು. ಆದರೆ ಅದಾದ ಮೇಲೆ 2023ರಲ್ಲಿ ನಮ್ಮ ವಿಧಾನಮಂಡಲ ಪಿಟಿಸಿಎಲ್ ಕಾಯ್ದೆಯಲ್ಲಿ ಜಮೀನು ವಾಪಸ್ ಕೊಡಿಸುವ ಸೆಕ್ಷನ್ 5ಕ್ಕೆ ತಿದ್ದುಪಡಿ ತಂದು, ಈ ಕಾಯ್ದೆಗೆ ಕಾಲಮಿತಿಯೇ ಇಲ್ಲ ಎಂದು ಬರೆಯಿತು. ಕಥೆ ಅಲ್ಲಿಗೂ ನಿಲ್ಲಲಿಲ್ಲ. ಕಾಲಮಿತಿ ಇಲ್ಲ ಅನ್ನುವುದು ಬೇರೆ, ವಿಪರೀತ ವಿಳಂಬ ಬೇರೆ ಅನ್ನುವ ವಾದ ತಿದ್ದುಪಡಿ ಆದಮೇಲೂ ಹೈಕೋರ್ಟಿನಲ್ಲಿ ನಡೆದಿದೆ. ಅಂದರೆ ಅಜ್ಜ ಗೆಲ್ಲುತ್ತಾರೆ ಅಂತಲೂ ಹೇಳೋಕಾಗಲ್ಲ, ಸೋಲುತ್ತಾರೆ ಅಂತ ಜಗಲಿ ಮೇಲೆ ಕೂತು ಹೇಳೋಕಂತೂ ಆಗಲ್ಲ. ನೀವಿನ್ನೂ ವಕೀಲರಲ್ಲ ಮಾರಾಯರೇ, ಹುಡುಕಿ ಕೊಡುವುದು ನಿಮ್ಮ ಕೆಲಸ, ಫಲಿತಾಂಶ ಹೇಳುವುದಲ್ಲ.

ನನಗೆ ಸಿಟ್ಟು ಬಂದಿದ್ದು ತಿದ್ದುಪಡಿ ನೋಡಲಿಲ್ಲ ಅಂತಲ್ಲ. ಆ ಕವರ್ ಯಾರೂ ಬಿಚ್ಚಿರಲಿಲ್ಲ.

ಕೂರಿಸಿ ಬಿಚ್ಚಿಸಿದೆ. ಒಂದಷ್ಟು ಪಹಣಿ, ರೇಷನ್ ಕಾರ್ಡಿನ ಜೆರಾಕ್ಸ್, ಕ್ರಯಪತ್ರದ ನಕಲು. ತಳದಲ್ಲಿ ನಾಲ್ಕಾಗಿ ಮಡಚಿದ ಸಾಗುವಳಿ ಚೀಟಿ, ಅಂದರೆ ಸರ್ಕಾರ ಜಮೀನು ಮಂಜೂರು ಮಾಡಿ ಕೊಟ್ಟ ಪತ್ರ, ಮಡಿಕೆ ಇದ್ದ ಕಡೆಯೆಲ್ಲ ಅಕ್ಷರ ಅಳಿಸಿತ್ತು. ಮಂಜೂರಾಗಿದ್ದು 1972. ಷರತ್ತಿನ ಜಾಗದಲ್ಲಿ 15 ವರ್ಷ ಪರಭಾರೆ ಮಾಡಬಾರದು, ಅಂದರೆ ಮಾರಿಯೋ ಬೇರೆ ಹೇಗೋ ಇನ್ನೊಬ್ಬರಿಗೆ ಕೊಡಬಾರದು ಎಂದಿದೆ. ಕ್ರಯ ಆಗಿದ್ದು 1976. "ಕಾಯ್ದೆ ಜಾರಿಗೆ ಬಂದಿದ್ದು 1979ರ ಜನವರಿ 1ಕ್ಕೆ, ಇದು ಅದಕ್ಕೂ ಮುಂಚೆ ಮಾರಿದ್ದಲ್ವಾ ಮೇಡಂ?" ಅಂದ ಹುಡುಗ. ಸೆಕ್ಷನ್ 4 ಓದಪ್ಪ ಅಂದೆ. ಮಂಜೂರಾತಿಯ ಷರತ್ತು ಮುರಿದು ಮಾರಿದ್ದರೆ ಕಾಯ್ದೆಗೆ ಮುಂಚಿನ ಮಾರಾಟವೂ ಅನೂರ್ಜಿತ. ಕಾಯ್ದೆ ಬಂದ ಮೇಲೆ ಮಾರಿದ್ದರೆ ಸರ್ಕಾರದ ಅನುಮತಿ ಇತ್ತಾ ಅಂತ ನೋಡಬೇಕು. ಎರಡು ತಾರೀಕು, ಒಂದು ಷರತ್ತು, ಎಲ್ಲ ಆ ಕವರಿನಲ್ಲೇ ಇತ್ತು.

ಆಮೇಲೆ ಅಜ್ಜನನ್ನು ಕೇಳಿದೆ, ಮುಂಚೆ ಎಲ್ಲಾದರೂ ಅರ್ಜಿ ಹಾಕಿದ್ರಾ ಅಂತ. "ನಮ್ಮಪ್ಪ ಒಂದ್ಸಲ ಎಸಿ ಆಫೀಸಿಗೆ ಕೊಟ್ಟಿದ್ರು ಕಣಮ್ಮ, ಏನಾಯ್ತೋ ಗೊತ್ತಿಲ್ಲ" ಅಂದರು. ಎಸಿ ಅಂದರೆ ಉಪವಿಭಾಗಾಧಿಕಾರಿ. ನೋಡಿ, ಹಳೇ ಅರ್ಜಿ ಬಾಕಿ ಉಳಿದಿದ್ದರೆ ವಿಳಂಬದ ಲೆಕ್ಕವೇ ಬೇರೆ. ವಜಾ ಆಗಿದ್ದರೆ ತೊಂದರೆಯೂ ಬೇರೆ. ಇದನ್ನು ಯಾವ ವೆಬ್‌ಸೈಟೂ ಹೇಳಲ್ಲ. ಎಸಿ ಆಫೀಸಿಗೆ ಹೋಗಿ ದೃಢೀಕೃತ ನಕಲಿಗೆ ಅರ್ಜಿ ಹಾಕಬೇಕು.

"ಮೇಡಂ, ಈ ಕಾಗದ ಹೇಗೆ ಓದೋದು?" ಅಂತ ಯಾರಾದರೂ ಕೇಳಲಿ ಅಂತ ಕಾಯುತ್ತಾ ಇದ್ದೇನೆ. ಸಾಗುವಳಿ ಚೀಟಿ ಓದೋಕೆ ಬರಲ್ಲ, ಮ್ಯುಟೇಶನ್ (ಖಾತೆ ಬದಲಾವಣೆ) ಅಂದರೆ ಏನು ಗೊತ್ತಿಲ್ಲ, ಆದರೆ ಸಂವಿಧಾನದ 21ನೇ ವಿಧಿ ಮೇಲೆ ಅರ್ಧ ಗಂಟೆ ಮಾತಾಡಬಲ್ಲರು. ಕಾಲೇಜಿನ ಮೂಟ್ ಕೋರ್ಟಿನಲ್ಲಿ, ಅಂದರೆ ಅಣಕು ನ್ಯಾಯಾಲಯದಲ್ಲಿ, ಸಂಗತಿಗಳನ್ನು ಟೈಪ್ ಮಾಡಿ ಕೈಗೆ ಕೊಡುತ್ತಾರಲ್ಲ, ಅದರ ಅಭ್ಯಾಸ.

ಆಯ್ತು, ಕಾಗದ ಓದಿದ್ರಿ, ತಾರೀಕು ಬರೆದುಕೊಂಡ್ರಿ. ಈಗ ಕಾಯ್ದೆ ತೆಗೆಯಿರಿ, ತೀರ್ಪಲ್ಲ. ವ್ಯಾಖ್ಯೆಗಳ ಸೆಕ್ಷನ್ ಮೊದಲು, ಪರಂತುಕ (ಸೆಕ್ಷನ್‌ಗೆ ಅಂಟಿಕೊಂಡ "ಆದರೆ" ಅನ್ನುವ ವಿನಾಯಿತಿ) ಬಿಡಬೇಡಿ, ಆಮೇಲೆ ನಿಯಮಗಳು, ಕೊನೆಗೆ ತಿದ್ದುಪಡಿ ಏನಾದರೂ ಬಂದಿದೆಯಾ. ಆಮೇಲೆ ತೀರ್ಪಿಗೆ ಹೋಗಿ. ಹುಡುಕುವಾಗ ಹಳೇ ನಂಬರು ಹೊಸ ನಂಬರು ಎರಡೂ ಹಾಕಿ. 2024ರ ಜುಲೈ 1ರಿಂದ ಹಳೇ ದಂಡ ಪ್ರಕ್ರಿಯಾ ಸಂಹಿತೆ ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ ಬಂತು, ಹೆಂಡತಿ ಮಕ್ಕಳ ಜೀವನಾಂಶದ 125ನೇ ಸೆಕ್ಷನ್ ಅಲ್ಲಿ 144 ಆಯಿತು. ಒಬ್ಬಳು ಪಾಪ ಬರೀ "ಸೆಕ್ಷನ್ 144" ಅಂತ ಹುಡುಕಿ, ಸಂಜೆವರೆಗೂ ನಿಷೇಧಾಜ್ಞೆಯ ತೀರ್ಪುಗಳನ್ನೇ ಓದಿಕೊಂಡು ಕೂತಿದ್ದಳು. ಹಳೇ ಕಾನೂನಿನಲ್ಲಿ 144 ಅಂದರೆ ಅದೇ ತಾನೆ! ಅವಳಿಗೆ ಬೇಕಿದ್ದದ್ದು ರಜನೇಶ್ ವಿರುದ್ಧ ನೇಹಾ, 2020ರದ್ದು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ಅದರಲ್ಲಿ. ಅದು ಇರುವುದು 125ರ ಹೆಸರಿನಲ್ಲಿ.

ಇನ್ನೊಂದು ಚಾಳಿ ಇದೆ. ತೀರ್ಪಿನ ಮಧ್ಯದಿಂದ ಒಂದು ಚಂದದ ಪ್ಯಾರಾ ಕಾಪಿ ಮಾಡಿ ತರುತ್ತಾರೆ. ನೋಡಿದರೆ ಅದು ಕೋರ್ಟಿನ ಮಾತೇ ಅಲ್ಲ, ಅರ್ಜಿದಾರರ ವಕೀಲರು ವಾದ ಮಾಡಿದ್ದನ್ನು ಕೋರ್ಟು ಬರೆದುಕೊಂಡಿರುವುದು. ಮೂರು ಪುಟ ಆದಮೇಲೆ ಆ ವಾದ ಒಪ್ಪಲಾಗದು ಅಂತ ಅದೇ ಕೋರ್ಟು ಹೇಳಿರುತ್ತದೆ. ಕೊನೇ ಪ್ಯಾರಾವರೆಗೂ ಓದಿ. ಎಷ್ಟು ಜನ ನ್ಯಾಯಮೂರ್ತಿಗಳ ಪೀಠ ನೋಡಿ. ಆಮೇಲೆ ಬಂದ ತೀರ್ಪುಗಳಲ್ಲಿ ಇದನ್ನು ಒಪ್ಪಿದ್ದಾರಾ, ತಳ್ಳಿಹಾಕಿದ್ದಾರಾ ನೋಡಿ.

ಚಾಟ್‌ಜಿಪಿಟಿ ಕೇಳಬಹುದಾ ಅಂತಲೂ ಕೇಳುತ್ತಾರೆ. ಕೇಳಿ, ನಾನೇನು ಬಂದು ಫೋನ್ ಕಿತ್ತುಕೊಳ್ಳಲ್ಲ. ಅದು ಕೊಟ್ಟ ತೀರ್ಪು ಇ-ಎಸ್‌ಸಿಆರ್‌ನಲ್ಲೋ ಹೈಕೋರ್ಟ್ ತಾಣದಲ್ಲೋ ಕಣ್ಣಿಗೆ ಕಾಣದೆ ನನ್ನ ಟೇಬಲ್‌ಗೆ ಬರಬಾರದು ಅಷ್ಟೇ. ಬೆಂಗಳೂರಿನ ಸಿವಿಲ್ ನ್ಯಾಯಾಧೀಶರೊಬ್ಬರ ಆದೇಶದಲ್ಲಿ ಇಲ್ಲದೇ ಇರುವ ಸುಪ್ರೀಂ ಕೋರ್ಟ್ ತೀರ್ಪುಗಳು ಸೇರಿಕೊಂಡಿದ್ದನ್ನು 2025ರಲ್ಲಿ ನಮ್ಮ ಹೈಕೋರ್ಟೇ ಗಂಭೀರವಾಗಿ ತೆಗೆದುಕೊಂಡಿತು. ನ್ಯಾಯಾಧೀಶರಿಗೇ ಹೀಗಾದರೆ ನಿಮಗೇನು ವಿನಾಯಿತಿ?

ಹುಡುಕಿದ್ದನ್ನೆಲ್ಲ ಒಂದು ಪುಟದಲ್ಲಿ ಬರೆದು ಕೊಡಿ. ತಾರೀಕುಗಳು, ಯಾವ ಸೆಕ್ಷನ್, ನಮ್ಮ ಪರ ಏನಿದೆ, ವಿರುದ್ಧ ಏನಿದೆ, ಯಾವ ಕಾಗದ ಇನ್ನೂ ಸಿಕ್ಕಿಲ್ಲ. ವಿರುದ್ಧ ಇರುವುದನ್ನು ಮುಚ್ಚಿಡಬೇಡಿ, ಎದುರು ವಕೀಲರು ಹೇಗೂ ತೆಗೆಯುತ್ತಾರೆ.

ಸರ್ಟಿಫಿಕೇಟ್ ಯಾವಾಗ ಸಿಗುತ್ತೆ ಅನ್ನುವುದು ಎರಡನೇ ಪ್ರಶ್ನೆ. ಅದನ್ನು ಕಾಲೇಜಿನ ಆಫೀಸಿನಲ್ಲಿ ಕೇಳಿ.